ಅಮಜಾಕೆಯ ಕರ್ತೃ–ಕಾಲ–ದೇಶ ವಿಚಾರ

ಅಮಜಾಕೆ ಎಂಬ ಜಪಾನೀ ಅಕ್ಕಿಪಾನಕಕ್ಕೆ ಸಕ್ಕರೆ ಹಾಕುವುದಿಲ್ಲ, ಬೆಲ್ಲ ಹಾಕುವುದಿಲ್ಲ, ಜೇನೂ ಇಲ್ಲ. ಆದರೂ ಅದು ಸಿಹಿ. ಹಾಗಾದರೆ ಸಿಹಿ ಮಾಡಿದವರು ಯಾರು? ಕವಿರಾಜಮಾರ್ಗ ಬರೆದವನು ನೃಪತುಂಗನೋ ಶ್ರೀವಿಜಯನೋ ಎಂದು ತಲೆಮಾರುಗಟ್ಟಲೆ ಕಾದಾಡಿದ ನಮ್ಮ ವಿದ್ವಾಂಸರು ಈ ಪ್ರಶ್ನೆಗೆ ಕೈ ಹಾಕದಿರುವುದು ಸೋಜಿಗ. ಆ ಕೊರತೆಯನ್ನು ತುಂಬುವ ಘನ ಉದ್ದೇಶ ಪ್ರಸ್ತುತ ಪ್ರಬಂಧದ್ದು.

ಮೊದಲು ಪಾಠನಿರ್ಣಯ. ಸಾಕೆ ಮದ್ಯ ಹಿಂಡಿದ ಮೇಲೆ ಉಳಿಯುವ ಚರಟವನ್ನು ಬಿಸಿನೀರಿನಲ್ಲಿ ಕದಡಿ ಸಕ್ಕರೆ ಸುರಿಯುವುದು ಒಂದು ಪಾಠ. ಸಕ್ಕರೆ ಹೊರಗಿನದಾದ್ದರಿಂದ ಇದು ಸ್ಪಷ್ಟವಾಗಿ ಪ್ರಕ್ಷಿಪ್ತ. ತುಸು ಮದ್ಯಾಂಶವೂ ಇರುವುದರಿಂದ ಮಡಿವಂತ ಸಂಪಾದಕರು ಅಡಿಟಿಪ್ಪಣಿಗೆ ತಳ್ಳತಕ್ಕದ್ದು. ಅನ್ನ, ನೀರು, ಕೋಜಿ ಇಷ್ಟೇ ಇರುವುದು ಮೂಲಪಾಠ. ಹಬೆಯಲ್ಲಿ ಬೆಂದ ಅಕ್ಕಿಯ ಮೇಲೆ ಆಸ್ಪರ್ಜಿಲಸ್ ಒರೈಜೆ ಎಂಬ ಬೂಷ್ಟನ್ನು ಬೆಳೆಸಿದರೆ ಕೋಜಿ. ನಮ್ಮಲ್ಲಿ ಬೂಷ್ಟು ಹಿಡಿದ ಅನ್ನ ತಿಪ್ಪೆಗೆ ಹೋಗುತ್ತದೆ. ಜಪಾನಿನ ಬ್ರೂಯಿಂಗ್ ಸೊಸೈಟಿ 2006ರಲ್ಲಿ ಕೋಜಿಯ ಬೂಷ್ಟಿಗೆ ರಾಷ್ಟ್ರೀಯ ಶಿಲೀಂಧ್ರದ ಪಟ್ಟ ಕಟ್ಟಿತು. (ಫ್ರಿಜ್ಜಿನ ಮೂಲೆಯಲ್ಲಿ ತಾನಾಗಿ ಹುಟ್ಟಿದ ಬೂಷ್ಟಿಗೆ ಈ ಪಟ್ಟ ಸಲ್ಲದು. ಅದರ ಮೇಲೆ ಯಾರೂ ಸಂಶೋಧನೆ ಕೈಗೊಳ್ಳಬಾರದು.)

ಕಾಲ: ಹೈಕು ಸಂಪ್ರದಾಯದ ಪ್ರಕಾರ ಬೇಸಿಗೆ. ಹೊಸವರ್ಷದ ಚಳಿಯಲ್ಲಿ ದೇವಸ್ಥಾನಗಳ ಬಳಿ ಹಬೆಯಾಡುವ ಲೋಟ ಹಿಡಿದು ನಿಂತವರ ಪ್ರಕಾರ ಚಳಿಗಾಲ. ಎರಡೂ ಕಡೆ ಗಟ್ಟಿ ಆಧಾರಗಳಿರುವುದರಿಂದ ವರ್ಷವಿಡೀ ಎಂದು ರಾಜಿ ಮಾಡಿಕೊಳ್ಳೋಣ. ದೇಶ: ಹಕೋನೆ ಬೆಟ್ಟದ ಹಳೆಯ ತೊಕೈದೊ ದಾರಿಯಲ್ಲಿ ಇದಕ್ಕೇ ಹೆಸರಾದ ಹುಲ್ಲುಮಾಡಿನ ಚಹಾಮನೆಯೊಂದಿದೆ. ಅನುಮಾನವಿದ್ದವರು ಹೋಗಿ ಕುಡಿದು ಬರಬಹುದು.

ಇನ್ನು ಕರ್ತೃ. ಮೊದಲು ತಯಾರಿಯನ್ನು ನೋಡೋಣ. 200 ಗ್ರಾಂ ಅಕ್ಕಿಯನ್ನು ಮೆತ್ತಗಿನ ಗಂಜಿ ಮಾಡಿ, 60 ಡಿಗ್ರಿಗೆ ಆರಲು ಬಿಟ್ಟು, ಅಷ್ಟೇ ತೂಕದ ಒಣ ಕೋಜಿಯನ್ನು ಅಂಗೈಯಲ್ಲಿ ಉಜ್ಜಿ ಬಿಡಿಬಿಡಿ ಮಾಡಿ ಬೆರೆಸಬೇಕು. ಆಗಾಗ ಕೈಯಾಡಿಸುತ್ತ ಎಂಟು ಗಂಟೆ 55–60 ಡಿಗ್ರಿಯಲ್ಲಿಟ್ಟರೆ ಮುದ್ದೆ ನೀರಾಗುತ್ತದೆ, ಬಿಳಿ ಬಣ್ಣ ದಂತದ ಬಣ್ಣಕ್ಕೆ ತಿರುಗುತ್ತದೆ, ಅಗುಳನ್ನು ನಾಲಗೆಯಿಂದ ಅದುಮಿದರೆ ಸಿಪ್ಪೆಯಷ್ಟೇ ಉಳಿಯುತ್ತದೆ.

ಅಕ್ಕಿಯೇ ಕರ್ತೃ ಎಂಬುದು ಪೂರ್ವಪಕ್ಷ. ಹಾಗಿದ್ದರೆ ನಿನ್ನೆಯ ತಂಗಳನ್ನವೂ ಪಾಯಸವಾಗಿರಬೇಕಿತ್ತು. ಅಕ್ಕಿ ಒದಗಿಸಿದ್ದು ಪಿಷ್ಟವೆಂಬ ವಸ್ತು ಮಾತ್ರ. ರೈಸ್ ಕುಕ್ಕರ್ ಎಂಬ ಆಧುನಿಕರ ವಾದವೂ ನಿಲ್ಲದು: ಮುಚ್ಚಳ ಹಾಕಿ ಬೆಚ್ಚಗಿಡುವ ಗುಂಡಿ ಒತ್ತಿದರೆ ಅದು 70 ಡಿಗ್ರಿ ದಾಟಿ ಕೆಲಸ ಕೆಡಿಸುತ್ತದೆ. ಆದ್ದರಿಂದ ಮುಚ್ಚಳ ತೆರೆದು ಒದ್ದೆ ಬಟ್ಟೆ ಹೊದಿಸಿಡುತ್ತಾರೆ. ತಲೆಗೆ ಒದ್ದೆ ಬಟ್ಟೆ ಹಾಕಿಸಿಕೊಂಡು ಕೂತವನನ್ನು ಹೆಚ್ಚೆಂದರೆ ಆಶ್ರಯದಾತ ಅರಸ ಎನ್ನಬಹುದು.

ಉಳಿದದ್ದು ಬೂಷ್ಟು. ಇಲ್ಲೇ ತೊಡಕು. ಆ ಬಿಸಿಗೆ ಬೂಷ್ಟು ಬೆಳೆಯುವುದಿಲ್ಲ. ಅದು ಮೊದಲೇ ಸ್ರವಿಸಿಟ್ಟ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಕಡಿದು ಗ್ಲೂಕೋಸ್ ಮಾಡುತ್ತದೆ. ಅರ್ಥಾತ್ ಅಮಜಾಕೆ ಕರ್ತೃವಿನ ಮರಣೋತ್ತರ ಕೃತಿ. ಈ ಬೂಷ್ಟಿನ ಕಿಣ್ವ ತೆಗೆಯುವ ವಿಧಾನಕ್ಕೆ ರಸಾಯನಶಾಸ್ತ್ರಜ್ಞ ಜೋಕಿಚಿ ತಾಕಾಮಿನೆ 1894ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಬೂಷ್ಟಿಗೆ ಗೌರವಧನ ಸಂದ ದಾಖಲೆಯಿಲ್ಲ. ಲೇಖಕವರ್ಗಕ್ಕೆ ಇದು ಹೊಸ ಸುದ್ದಿಯೇನಲ್ಲ.

ಸಿಹಿ ಬಂದ ಮೇಲೂ ಸುಮ್ಮನಿದ್ದರೆ ಪಾನಕ ಹುಳಿಗೆ ತಿರುಗುತ್ತದೆ. ಆದ್ದರಿಂದ ಒಂದು ಕುದಿ ಬರಿಸಿ ಹುಳಿ ತರುವ ಬ್ಯಾಕ್ಟೀರಿಯಾದ ಆಟವನ್ನೂ ಕಿಣ್ವದ ಕೆಲಸವನ್ನೂ ನಿಲ್ಲಿಸುತ್ತಾರೆ. ಲೇಖಕ ಸತ್ತನೆಂದು ಫ್ರೆಂಚ್ ವಿಮರ್ಶಕ ರೊಲಾಂ ಬಾರ್ತ್ 1967ರಲ್ಲಿ ಬರೆದಾಗ ಒಲೆಯ ಉರಿ ಎಷ್ಟಿರಬೇಕೆಂದು ತಿಳಿಸಿರಲಿಲ್ಲ. ಸಣ್ಣಗಿರಲಿ, ತಳ ಹಿಡಿಯುತ್ತದೆ. ಬಡಿಸುವಾಗ ನಾಲ್ಕು ಹನಿ ಶುಂಠಿರಸ ಬಿಡುವವರನ್ನು ವ್ಯಾಖ್ಯಾನಕಾರರೆಂದು ಪರಿಗಣಿಸಿ ಅವರ ಹೆಸರನ್ನು ಮುಖಪುಟದಲ್ಲಿ ಸಣ್ಣ ಅಕ್ಷರದಲ್ಲಿ ಹಾಕಬಹುದು.