ಪಂಚತಾಲ್ಲೂಕು ವೀಗನ್ ಮೀಮಾಂಸೆ

ಮೊದಲು ಪದನಿಷ್ಪತ್ತಿ. 1944ರಲ್ಲಿ ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಮತ್ತು ಸಂಗಡಿಗರು 'ವೆಜಿಟೇರಿಯನ್' ಪದದ ತಲೆಗೆ ಬಾಲ ಹೊಲಿದು, ನಡುವಿನ ಹಾಲು-ಮೊಸರು-ತುಪ್ಪವನ್ನೆಲ್ಲ ಹೊರಚೆಲ್ಲಿ 'ವೀಗನ್' ಮಾಡಿದರು. ಇದೇ ಸೂತ್ರವನ್ನು ನಮ್ಮ 'ಸಸ್ಯಾಹಾರಿ'ಗೆ ಹಚ್ಚಿದರೆ ಉಳಿಯುವುದು 'ಸರಿ'. ವ್ಯಾಕರಣಕಾರ ಕೇಶಿರಾಜನಿಗೆ ಇದು ಹೊಳೆಯದಿದ್ದುದು ಕ್ಷಮ್ಯ. ಅವನು ಹಾಸ್ಟೆಲಿನಲ್ಲಿ ಉಂಡವನಲ್ಲ.

ಅಧ್ಯಯನದ ವ್ಯಾಪ್ತಿ: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಮಾದರಿಯ ಗಾತ್ರ: ಒಂದು ಹೊಟ್ಟೆ. ಅದು ಪ್ರಸ್ತುತ ಸಂಶೋಧಕನದೇ. ಪದವಿ ಎರಡನೇ ವರ್ಷ.

'ಈ ಬಯಲುಸೀಮ್ಯಾಗ ವೀಗನ್ ಊಟ ಎಲ್ಲಿ ಸಿಗತೈತಿ?' ಎಂಬುದು ಪೂರ್ವಪಕ್ಷ. ಬಸ್‌ಸ್ಟ್ಯಾಂಡ್ ಎದುರಿಗೇ ಸಿಗತೈತಿ ಎಂಬುದು ಖಂಡನೆ. ಒಗ್ಗರಣೆ ಮಂಡಕ್ಕಿ, ಮೇಲೆ ಹುರಿಗಡಲೆ ಹಿಟ್ಟು, ಹೆಚ್ಚಿದ ಉಳ್ಳಾಗಡ್ಡಿ, ಪಕ್ಕದಲ್ಲಿ ಪೇಪರಿಗೆ ಎಣ್ಣೆ ಬಿಡುತ್ತ ಮಲಗಿದ ಎರಡು ಮಿರ್ಚಿ. ಇಷ್ಟರಲ್ಲಿ ಎಲ್ಲಿಯೂ ಎಮ್ಮೆಯ ಕೈವಾಡವಿಲ್ಲ. ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಮಂಡಕ್ಕಿ ತಟ್ಟೆ ಮಾತ್ರ ಕುಂತಲ್ಲೇ ಕುಂತಿದೆ. ಹಡಗಲಿಯ ಮಲ್ಲಿಗೆಯೂ ನಿಸ್ಸಂಶಯವಾಗಿ ವೀಗನ್ನೇ. ತಿನ್ನಲು ಬರುವುದಿಲ್ಲ ಎಂಬ ಸಣ್ಣ ತೊಡಕಿದೆ.

ಹಾಗಾದರೆ ಸಮಸ್ಯೆ ಎಲ್ಲಿದೆ? ಮೊಸರಿನಲ್ಲಿ. ಕೂಡ್ಲಿಗಿ ಕಡೆಯ ಗೆಳೆಯನ ಮನೆಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಪುಡಿ ಬಡಿಸಿದರು. ಸಂಶೋಧಕ ಪುಡಿಯ ನಡುವೆ ಬೆರಳಿನಿಂದ ಕುಣಿ ತೋಡಿ ಶೇಂಗಾ ಎಣ್ಣೆಗೆ ಕಾಯುತ್ತಿದ್ದ. ಅಜ್ಜಿ ಆ ಕುಣಿಯನ್ನು ಆಹ್ವಾನವೆಂದು ಓದಿ ಒಂದು ಸೌಟು ಗಟ್ಟಿ ಮೊಸರು ಇಳಿಸಿದರು. 'ಬೇಡ ಅಜ್ಜಿ' ಎಂಬುದು ಈ ಸೀಮೆಯಲ್ಲಿ ನಿರಾಕರಣೆಯಲ್ಲ, ಸಂಕೋಚ. ಅದಕ್ಕೆ ಪರಿಹಾರವೆಂದು ಎರಡನೇ ಸೌಟೂ ಬಿತ್ತು. 'ಹಾಲು ಮೊಸರು ಬಿಟ್ಟರ ಮೈಯಾಗ ಕಸುವು ಎಲ್ಲಿಂದ ಬರಬೇಕು?' ಎಂದರು. ಬಿ-12 ಜೀವಸತ್ವ ಸಸ್ಯಗಳಿಂದ ದಕ್ಕುವುದಿಲ್ಲ, ವೀಗನ್ನರು ಅದನ್ನು ಗುಳಿಗೆಯಲ್ಲೋ ಬಿ-12 ಬೆರೆಸಿದ ಆಹಾರದಲ್ಲೋ ನುಂಗಬೇಕು. ಆ ಹೆಸರೆತ್ತದೆಯೇ ಅಜ್ಜಿ ಅರ್ಧ ವಾದ ಗೆದ್ದರು. ಉಳಿದರ್ಧವನ್ನು ಸಂಶೋಧಕ ಮೊಸರಿನ ಸಮೇತ ನುಂಗಿದ.

ಹಾಸ್ಟೆಲಿನಲ್ಲಿ ಇಂಥ ಕ್ಲೇಶವಿಲ್ಲ. ಅಲ್ಲಿ ಸಂಶೋಧಕನ ಪಾಲಿನ ಮಜ್ಜಿಗೆಗೆ ನಾಲ್ವರು ವಾರಸುದಾರರಿದ್ದು, ವೀಗನ್ ತತ್ತ್ವಕ್ಕೆ ಅವರ ಬೆಂಬಲ ಅಚಲವಾಗಿದೆ.

ಕೊನೆಯ ಪ್ರಯೋಗ ಕೊಟ್ಟೂರಿನ ಒಂದು ಚಾದಂಗಡಿಯಲ್ಲಿ ನಡೆಯಿತು.

'ಒಂದು ಚಾ. ಹಾಲು ಹಾಕಬ್ಯಾಡ್ರಿ.'

'ಯಾಕಪ್ಪ, ಆರಾಮಿಲ್ಲೇನು?'

'ಆರಾಮ ಅದೀನ್ರಿ. ಹಾಲು ಬ್ಯಾಡ, ಅಷ್ಟೇ.'

ಅಂಗಡಿಯಾತ ಮರುಕದಿಂದ ನೋಡಿ 'ಸರಿ' ಎಂದ. ಪದನಿಷ್ಪತ್ತಿ ಸಾಬೀತಾಯಿತೆಂದು ಸಂಶೋಧಕ ಟಿಪ್ಪಣಿ ಬರೆದುಕೊಳ್ಳುತ್ತಿರುವಾಗಲೇ ಲೋಟ ಬಂತು. ಮೇಲೆ ಕೆನೆ ಕಟ್ಟಿತ್ತು.