ಜೀರ್ಣ ಟಾಯರ್: ಸುರಪುರ ಸೀಮೆಯ ಒಂದು ಶಾಸನಾಧ್ಯಯನ

ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಹಳೆಯ ಕಾರುಗಳಲ್ಲಿ ಉಳಿದುಬಂದ ಟಾಯರುಗಳು ಪ್ರಾಚ್ಯವಸ್ತುಗಳೆಂಬುದನ್ನು ವಿದ್ವಲ್ಲೋಕ ಇನ್ನೂ ಒಪ್ಪಿಲ್ಲ. ಹುಣಸಗಿ ಬಳಿಯ ಇಸಾಂಪುರದಲ್ಲಿ ಸುಮಾರು 12 ಲಕ್ಷ ವರ್ಷ ಹಿಂದಿನ ಕಲ್ಲಿನ ಆಯುಧ ಸಿಕ್ಕ ನಾಡಿನಲ್ಲಿ 25 ವರ್ಷದ ರಬ್ಬರನ್ನು ಯಾರೂ ಮುದಿ ಎನ್ನುವುದಿಲ್ಲ. ಸುರಪುರದಲ್ಲಿ ಆಡಳಿತ ನಡೆಸಿದ ಮೆಡೋಸ್ ಟೇಲರ್ ಸಾಹೇಬ ರಾಜನಕೋಳೂರಿನ ಶಿಲಾಗೋರಿಗಳ ಬಗ್ಗೆ ಬರೆದ. ಟಾಯರಿನ ಬಗ್ಗೆ ಒಂದಕ್ಷರ ಬರೆಯಲಿಲ್ಲ. ಆತ ತೀರಿಕೊಂಡದ್ದು 1876ರಲ್ಲಿ, ಡನ್ಲಪ್ ಗಾಳಿ ಟಾಯರಿಗೆ ಪೇಟೆಂಟ್ ಪಡೆದದ್ದು 1888ರಲ್ಲಿ. ಹೀಗಾಗಿ ಈ ಲೋಪವನ್ನು ಮನ್ನಿಸಬಹುದು.

ಅಧ್ಯಯನಕ್ಕೆ ದೊರೆಯುವ ಮುಖ್ಯ ಮಾದರಿ ಅಂಬಾಸಿಡರ್. 2014ರಲ್ಲಿ ಇದರ ತಯಾರಿಕೆ ನಿಂತಿತು, ಅಭಿಮಾನ ನಿಲ್ಲಲಿಲ್ಲ. ಅಜ್ಜ ಕೊಂಡದ್ದು, ಅಪ್ಪ ಓಡಿಸಿದ್ದು, ಮಗ ತಗಡಿನ ಶೆಡ್ಡಿನಲ್ಲಿ ನಿಲ್ಲಿಸಿದ್ದು. ಆಯುಧಪೂಜೆಗೊಮ್ಮೆ, ತಿಂಥಣಿ ಮೌನೇಶ್ವರನ ಜಾತ್ರೆಗೊಮ್ಮೆ, ತಪ್ಪಿದರೆ ಬೀಗರ ಮನೆಯ ಮದುವೆಗೊಮ್ಮೆ ಅದು ಹೊರಬರುತ್ತದೆ.

ಕಾಲನಿರ್ಣಯಕ್ಕೆ ಟಾಯರಿನ ಪಕ್ಕೆಯ ಮೇಲಿನ ಶಾಸನವೇ ಆಧಾರ. ಅಲ್ಲಿ ಉಬ್ಬಿದ ನಾಲ್ಕು ಅಂಕಿಗಳಿರುತ್ತವೆ: ಮೊದಲೆರಡು ವಾರ, ಕೊನೆಯೆರಡು ವರ್ಷ. 3207 ಎಂದರೆ 2007ರ 32ನೇ ವಾರ. 2000ಕ್ಕೆ ಮುಂಚಿನವುಗಳಲ್ಲಿ ಸಾಮಾನ್ಯವಾಗಿ ಮೂರೇ ಅಂಕಿ. ವರ್ಷದ ಪಾಲಿಗೆ ಒಂದೇ. 328 ಎಂಬುದು 1988ಕ್ಕೂ ಸಲ್ಲುತ್ತದೆ, 1998ಕ್ಕೂ ಸಲ್ಲುತ್ತದೆ. ಮಾಲೀಕರ ಪಂಥ 1998ನ್ನು ಎತ್ತಿಹಿಡಿದರೆ ಪಂಕ್ಚರ್ ಅಂಗಡಿಯ ಪಂಥ 1988ನ್ನು ಎತ್ತಿಹಿಡಿಯುತ್ತದೆ. ಯಾವುದು ನಿಜವಾದರೂ ಟಾಯರ್ ಬದಲಿಸಬೇಕೆಂಬ ಮೂರನೆಯ ಪಂಥಕ್ಕೆ ಅನುಯಾಯಿಗಳಿಲ್ಲ. ಶಾಸನವು ಎಷ್ಟೋ ಸಲ ಚಕ್ರದ ಒಳಮುಖಕ್ಕಿರುವುದರಿಂದ ಲಿಪಿತಜ್ಞರು ಟಾರ್ಚ್ ಹಿಡಿದು ಗಾಡಿಯಡಿ ಅಂಗಾತ ಮಲಗಬೇಕಾಗುತ್ತದೆ.

ಪೂರ್ವಪಕ್ಷ ಹೀಗಿದೆ: “ಟಾಯರ್ ಇನ್ನೂ ಹೊಸದಿದ್ದಂಗೇ ಅದರೀ, ಸವದೇ ಇಲ್ಲ.” ಈ ವಾದಕ್ಕೆ ಬಲವಿದೆ. ಕಾರಿನ ಟಾಯರಿನಲ್ಲಿ ಕಾನೂನು ಕೇಳುವುದು 1.6 ಮಿಲಿಮೀಟರ್ ಆಳದ ಕಚ್ಚು. ಶೆಡ್ಡಿನ ಟಾಯರಿನಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚಿರುತ್ತದೆ. ಆದರೆ ರಬ್ಬರು ಸವೆದೇ ಸಾಯಬೇಕೆಂದಿಲ್ಲ. ಆಮ್ಲಜನಕ, ಓಝೋನ್, ಬಿಸಿಲು ಸೇರಿ ಅದನ್ನು ಗಡುಸಾಗಿಸಿ ಬಿರಿಯಿಸುತ್ತವೆ. ಇದನ್ನು ತಡೆಯಲೆಂದೇ ಕಾರ್ಖಾನೆಯಲ್ಲಿ ರಬ್ಬರಿಗೆ ಮೇಣ ಬೆರೆಸಿರುತ್ತಾರೆ. ಟಾಯರ್ ಉರುಳಿ ಬಾಗಿದಾಗ ಅದು ಮೇಲಕ್ಕೆ ಒಸರುತ್ತದೆ. ನಿಂತ ಗಾಡಿಯಲ್ಲಿ ಈ ಒಸರು ಕಡಿಮೆ. ಹೀಗಾಗಿ ದಿನಾ ದುಡಿಯುವ ಟಂಟಂ ಆಟೋಗೆ ಇಲ್ಲದ ಕಾಯಿಲೆ ಮುಸುಕು ಹೊದ್ದು ಕೂತ ಅಂಬಾಸಿಡರಿಗೆ ಬರುತ್ತದೆ. ತಯಾರಕರಲ್ಲಿ ಹಲವರು ಹತ್ತು ವರ್ಷಕ್ಕೆ ಗಡುವು ಹಾಕುತ್ತಾರೆ, ಕಚ್ಚು ಎಷ್ಟೇ ಉಳಿದಿರಲಿ.

ಸಂರಕ್ಷಣಾ ವಿಧಾನಗಳಲ್ಲಿ ಕಪ್ಪು ಪಾಲಿಶ್ ಜನಪ್ರಿಯ. ರಿಮ್ಮಿನ ಅಂಚಿಗೆ ಬಳೆಯಂತೆ ಸುತ್ತಿದ ಕೂದಲೆಳೆ ಬಿರುಕುಗಳು ಅದರಡಿ ಸಂಪೂರ್ಣ ಮಾಯವಾಗುತ್ತವೆ. ಬಿರುಕು ಮಾತ್ರ ತನ್ನ ಕೆಲಸ ಮುಂದುವರಿಸುತ್ತದೆ. ಡೀಸೆಲ್ ಬಟ್ಟೆಯಿಂದ ಒರೆಸುವ ಪದ್ಧತಿಯೂ ಉಂಟು. ಅದು ಹೊಳಪು ತರುತ್ತದೆ, ರಬ್ಬರು ತಿನ್ನುತ್ತದೆ. ಒಳಗೆ ಗೇಟರ್ ಎಂಬ ತೇಪೆ ಹಾಕಿಸುವುದು ಶಸ್ತ್ರಚಿಕಿತ್ಸೆಯ ಶಾಖೆಗೆ ಸೇರಿದ್ದು. ಚಕ್ರದಡಿ ನಿಂಬೆಹಣ್ಣಿಡುವುದರಿಂದ ರಬ್ಬರಿಗೆ ಹಾನಿಯಿಲ್ಲ.

ಅಪಾಯವು ಪ್ರಕಟವಾಗುವ ಕಾಲ ಸಾಮಾನ್ಯವಾಗಿ ಬೇಸಿಗೆಯ ಲಗ್ನಸರಾಯಿ. ಹೊರಗೆ 42 ಡಿಗ್ರಿ, ಒಳಗೆ ಎಂಟು ಮಂದಿ, ಟಾಯರಿನಲ್ಲಿ ಹೋದ ವರ್ಷದ ಗಾಳಿ. ಗಾಳಿ ಕಡಿಮೆಯಾದಷ್ಟೂ ಪಕ್ಕೆ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಕಾಯುತ್ತದೆ. ಒಳಗಿನ ನೈಲಾನ್ ಪದರಕ್ಕೂ ರಬ್ಬರಿಗೂ ಇದ್ದ ನಂಟು ಬಿಡುತ್ತದೆ. ಮೊದಲು ಉಬ್ಬು, ಆಮೇಲೆ ಸ್ಟೇರಿಂಗ್ ನಡುಕ. ಇದಕ್ಕೆ ರಸ್ತೆಯೇ ಕಾರಣವೆಂದು ಎಂಟು ಮಂದಿಯೂ ಒಮ್ಮತಕ್ಕೆ ಬರುವಷ್ಟರಲ್ಲಿ ಟಾಯರ್ ಸಿಡಿಯುತ್ತದೆ. ಆಗ ಬ್ರೇಕ್ ಒತ್ತುವುದು ಮನುಷ್ಯಸಹಜ, ಮತ್ತು ತಪ್ಪು. ಸ್ಟೇರಿಂಗ್ ಬಿಗಿಹಿಡಿದು ವೇಗವನ್ನು ತಾನಾಗಿ ಇಳಿಯಬಿಡಬೇಕು.

ಬಳಿಕ ಡಿಕ್ಕಿಯಿಂದ ಸ್ಟೆಪ್ನಿ ಹೊರಬರುತ್ತದೆ. ನಾಲ್ಕಕ್ಕಿಂತಲೂ ಇದೇ ಪ್ರಾಚೀನ. ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2009ರ ಕೊನೆಗೆ. ಸ್ಟೆಪ್ನಿ ಕೊಂಡದ್ದು ಅದಕ್ಕೂ ಮೊದಲು, ಗುಲ್ಬರ್ಗ ಜಿಲ್ಲೆಯಲ್ಲಿ. ನೆಲ ಮುಟ್ಟಿಲ್ಲವಾದ್ದರಿಂದ ಅದು ಹೊಸದೆಂದೇ ಎಣಿಕೆ.

ಸಿಡಿದ ಟಾಯರ್ ತಗಡಿನ ಮೇಲಿನ ಭಾರವಾಗಿಯೋ ಕಾಮದಹನದ ಇಂಧನವಾಗಿಯೋ ಶೇಷಾಯುಷ್ಯ ಕಳೆಯುತ್ತದೆ. ಆ ಬೂದಿಯನ್ನು ಇದೇ ಸೀಮೆಯ ಬೂದಿಹಾಳದ ನವಶಿಲಾಯುಗದ ಬೂದಿದಿಬ್ಬದೊಂದಿಗೆ ಮುಂದಿನವರು ಗೊಂದಲ ಮಾಡಿಕೊಳ್ಳುವ ಭಯವಿಲ್ಲ: ಬೂದಿಹಾಳದ್ದು ಸಗಣಿಯ ಬೂದಿ, ಅದರಲ್ಲಿ ಉಕ್ಕಿನ ತಂತಿ ಸಿಗುವುದಿಲ್ಲ.