ಪಕ್ಕದ ಬೆಂಚಿನ ಗ್ಯಾರೇಜು

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಿಗ್ಗೆ ಆರರಿಂದ ಎಂಟರ ತನಕ ಎಷ್ಟು ಕಾರು, ಎಷ್ಟು ಲಾರಿ ಓಡಾಡುತ್ತವೆ ಅನ್ನುವುದು ಹೊರಗಿನವರಿಗೆ ಗೊತ್ತಿಲ್ಲ. ಏರಿಯ ಮೇಲೆ ವಾಹನ ಬಿಡುವುದಿಲ್ಲ, ಅದು ಬೇರೆ ಮಾತು. ಓಡುವುದೆಲ್ಲ ಗಂಡಸರ ಬೆಂಚಿನ ಮೇಲೆ. ವಾಕಿಂಗ್ ಅಂತ ಮನೆಯಿಂದ ಹೊರಡುವ ಈ ನಿವೃತ್ತರಿಗೆ ಅರ್ಧ ಸುತ್ತು ಹಾಕುವಷ್ಟರಲ್ಲಿ ಮಂಡಿ ನೋವು ನೆನಪಾಗುತ್ತದೆ, ಕೂತುಬಿಡುತ್ತಾರೆ. ಕೂತವರು ಎದ್ದರೆ ಕಾಫಿಗೇ. ಪಕ್ಕದ ಬೆಂಚು ನಮ್ಮದು, ಅಂದರೆ ಅವರವರ ಹೆಂಡಂದಿರದು. ನಮಗೆ ಕೇಳಿಸುತ್ತದೆ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೇ ದನಿ ಏರಿಸುತ್ತಾರೆ.

ಮೊದಲ ಹತ್ತು ನಿಮಿಷ ಶುಗರ್ರು, ಬೀಪಿ, ಯಾರ ಮಗಳಿಗೆ ಅಮೆರಿಕದ ವೀಸಾ ಸಿಕ್ಕಿತು, ಯಾರ ಮನೆಗೆ ಕಾವೇರಿ ನೀರು ಬರಲಿಲ್ಲ. ಆಮೇಲೆ ಯಾರೋ ಒಬ್ಬರು ‘ಆಗಿನ ಗಾಡಿಗಳೇ ಗಾಡಿಗಳು’ ಅಂತ ಸೆಲ್ಫ್ ಹೊಡೆಯುತ್ತಾರೆ. ಆ ಬೆಂಚಿಗೆ ಒಂದು ಕಾನೂನೂ ಉಂಟು: ತಮ್ಮ ದೇಹವನ್ನು ಹಳೇ ಗಾಡಿಗೆ ಹೋಲಿಸಿ ಜೋಕು ಹೊಡೆದವರು ಎಲ್ಲರಿಗೂ ಕಾಫಿ ಕೊಡಿಸಬೇಕು. ಬೈಪಾಸ್ ಮುಗಿಸಿಕೊಂಡು ಬಂದ ಬ್ಯಾಂಕಿನವರು ‘ಕಾರ್ಬುರೇಟರ್ ಕ್ಲೀನ್ ಮಾಡಿಸ್ಕೊಂಡು ಬಂದೆ’ ಅಂದ ದಿನ ಈ ಕಾನೂನು ಪಾಸಾಯಿತು. ಪಾಪ, ಆ ಜೋಕನ್ನು ಐಸಿಯುನಲ್ಲಿ ಮಲಗಿದ್ದಾಗಲೇ ಕಟ್ಟಿಟ್ಟುಕೊಂಡಿದ್ದರಂತೆ. ನವೆಂಬರ್ ಬಂದರಂತೂ ದಂಡದ ವಸೂಲಿ ಜೋರು. ಪಿಂಚಣಿಗೆ ಕೊಡುವ ಜೀವಂತ ಪ್ರಮಾಣಪತ್ರವನ್ನು ಗಾಡಿಗಳ ಫಿಟ್ನೆಸ್ ಸರ್ಟಿಫಿಕೇಟಿನಂತೆ ‘ಎಫ್‌ಸಿ’ ಅನ್ನದೆ ಬಾಯಿ ಕಟ್ಟಿಕೊಂಡಿರಲು ಅಲ್ಲಿ ಒಬ್ಬರಿಂದಲೂ ಆಗುವುದಿಲ್ಲ.

ಅಲ್ಲಿ ಅತಿ ಹೆಚ್ಚು ಓಡುವ ಗಾಡಿ ಅಂಬಾಸಿಡರ್. ಇಂಜಿನಿಯರ್ ಸಾಹೇಬರ ಪ್ರಕಾರ ಅದು ಕಾರು, ಈಗಿನವೆಲ್ಲ ತಗಡು. ‘ಬಾನೆಟ್ ಮೇಲೆ ನಾನು ನಿಂತ್ಕೊಂಡಿದ್ದೀನಿ ಕಣ್ರೀ, ಒಂದು ಚೂರು ಬಗ್ಗಲಿಲ್ಲ’ ಅನ್ನುತ್ತಾರೆ. ಬಾನೆಟ್ ಮೇಲೆ ಇವರು ಯಾಕೆ ನಿಂತಿದ್ದರು ಅಂತ ಇದುವರೆಗೆ ಯಾರೂ ಕೇಳಿಲ್ಲ. ಮೇಷ್ಟ್ರು ತಕ್ಷಣ ಇತಿಹಾಸ ತೆಗೆಯುತ್ತಾರೆ. ಅದು ಮೂಲದಲ್ಲಿ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್, ಕಲ್ಕತ್ತೆ ಪಕ್ಕದ ಉತ್ತರಪಾರಾದ ಕಾರ್ಖಾನೆಯಲ್ಲಿ 1950ರ ದಶಕದ ಕೊನೆಯಿಂದ 2014ರ ತನಕ ತಯಾರಾಯಿತು, ಅದಕ್ಕೆ ಮುಂಚೆ ಲ್ಯಾಂಡ್‌ಮಾಸ್ಟರ್ ಅಂತ ಇತ್ತು, ಇತ್ಯಾದಿ. ಇಂಗ್ಲಿಷಿನವರು ಬಿಟ್ಟುಹೋದ ಕಾರನ್ನು ನಾವು ಅರ್ಧ ಶತಮಾನಕ್ಕೂ ಮೇಲೆ ಅದೇ ಮೂತಿಯಲ್ಲಿ ಸಾಕಿದೆವು. 2017ರಲ್ಲಿ ಆ ಹೆಸರನ್ನು ಫ್ರಾನ್ಸಿನ ಪೇಜೋ ಕಂಪನಿ 80 ಕೋಟಿ ರೂಪಾಯಿಗೆ ಕೊಂಡಿತು ಅಂತ ಪೇಪರಿನಲ್ಲಿ ಬಂದ ದಿನ ಇವರೆಲ್ಲ ಎಷ್ಟು ಬೀಗಿದರು ಅಂದರೆ, ದುಡ್ಡು ಇವರ ಖಾತೆಗೇ ಜಮಾ ಆಗಿದೆಯೇನೋ ಅಂತ ನಮಗೆ ಅನುಮಾನ ಬಂತು.

ಈಗ ಒಂದು ಗುಟ್ಟು ಹೇಳುತ್ತೇನೆ. ನಮ್ಮ ಬೆಂಚು ಬಹಳ ಕಾಲ ಕಿವಿಗೊಟ್ಟು ಕಂಡುಕೊಂಡದ್ದು ಇದು. ಯಾವ ಗಾಡಿಯನ್ನು ಯಾರು ಎಷ್ಟು ಹೊಗಳುತ್ತಾರೆ ಅನ್ನುವುದು ಆ ಗಾಡಿಯ ಗುಣದ ಮೇಲಿಲ್ಲ. ಅವರು ಅದರಲ್ಲಿ ಯಾವ ಸೀಟಿನಲ್ಲಿ ಕೂತಿದ್ದರು, ಪೆಟ್ರೋಲಿಗೆ ಯಾರು ಕೊಟ್ಟರು, ಅದರ ಮೇಲಿದೆ. ಇಂಜಿನಿಯರ್ ಸಾಹೇಬರು ಕೂತದ್ದು ಹಿಂದಿನ ಸೀಟಿನಲ್ಲಿ. ಬಿಳಿ ಟವೆಲ್ ಹೊದಿಸಿದ ಸೀಟು, ಬಾಗಿಲು ತೆಗೆಯಲು ಒಬ್ಬ, ಓಡಿಸಲು ಅವನೇ. ಟೈರು ಬದಲಿಸಿದವನೂ ಅವನೇ, ಆಗ ಇವರು ಮರದ ನೆರಳಿನಲ್ಲಿ ಎಳನೀರು ಕುಡಿಯುತ್ತಿದ್ದರು. ಪೆಟ್ರೋಲು ಇಲಾಖೆಯದು. ಯಾವ ಇಲಾಖೆ ಅಂತ ನಾನು ಹೇಳುವುದಿಲ್ಲ, ಅವರ ಶ್ರೀಮತಿ ನನ್ನ ಪಕ್ಕದಲ್ಲೇ ಕೂರುವವರು. ಲಾಗ್ ಪುಸ್ತಕದ ಕಥೆ ಬಿಟ್ಟುಕೊಟ್ಟವರೂ ಅವರೇ. ದೇವರಾಜ ಮಾರ್ಕೆಟ್ಟಿಗೆ ಬಾಳೆಲೆ ತರಲು ಹೋದದ್ದು ‘ಕಾಮಗಾರಿ ಪರಿಶೀಲನೆ’. ನಂಜನಗೂಡಿಗೆ ಮಗನ ಮುಡಿ ಕೊಡಲು ಹೋದದ್ದು ‘ಸೇತುವೆ ಪರಿಶೀಲನೆ’. ಸೇತುವೆ ದಾಟಿಯೇ ಹೋದದ್ದು, ಹಾಗಾಗಿ ಸುಳ್ಳೂ ಅಲ್ಲ.

ಮೇಷ್ಟ್ರದು ಇನ್ನೂ ಮೇಲು. ಜೀವಮಾನದಲ್ಲಿ ಸೈಕಲ್ ಬಿಟ್ಟು ಬೇರೇನೂ ಕೊಂಡವರಲ್ಲ. ಆದ್ದರಿಂದಲೇ ಎಲ್ಲ ಕಾರುಗಳ ಮೇಲೂ ಅವರಿಗೆ ಸಮಾನ ಪ್ರೀತಿ. ಮದ್ರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್‌ನ ಮುಂಭಾಗ ಪೂರ್ತಿ, ಮಡ್‌ಗಾರ್ಡ್ ಸಮೇತ, ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತಿತ್ತು ಅಂತ ಎರಡು ಕೈಯೆತ್ತಿ ತೋರಿಸುವಾಗ ಅವರ ಟೋಪಿ ಎಷ್ಟೋ ಸಲ ಹಿಂದೆ ಬಿದ್ದಿದೆ. ಫಿಯೆಟ್ಟಿನ ಗೇರು ನೆಲದಲ್ಲಿರಲಿಲ್ಲ, ಸ್ಟೇರಿಂಗ್ ಪಕ್ಕದಲ್ಲೇ ಇತ್ತು, ಹಾಗಾಗಿ ಮುಂದಿನ ಉದ್ದ ಸೀಟಿನಲ್ಲಿ ಮೂವರು ಆರಾಮವಾಗಿ ಕೂರಬಹುದಿತ್ತು. ಅದಕ್ಕೆ 1974ರಲ್ಲಿ ಚಿತ್ತೋಡಿನ ರಾಣಿ ಪದ್ಮಿನಿಯ ಹೆಸರಿಟ್ಟರು. ರಾಣಿಯ ಹೆಸರಿನ ಕಾರಿಗೆ ಸಾಮಾನ್ಯರು ವರ್ಷಗಟ್ಟಲೆ ಬುಕ್ ಮಾಡಿ ಕಾಯುತ್ತಿದ್ದರು ಅನ್ನುವುದು ಮೇಷ್ಟ್ರ ವ್ಯಾಖ್ಯಾನ. ಬೆಂಗಳೂರಿನಲ್ಲೇ ತಯಾರಾದ ಸಿಪಾನಿ ಡಾಲ್ಫಿನ್ನಿನ ಮಾತು ಬಂದರೆ ಕನ್ನಡಾಭಿಮಾನವೂ ಸೇರಿಕೊಳ್ಳುತ್ತದೆ. ಅದರ ಫೈಬರ್ ಮೈಯ ಬಗ್ಗೆ ಯಾರಾದರೂ ನಕ್ಕರೆ, ‘ಹಗುರವಾಗಿತ್ತು ಅಂತಲೇ ರ‍್ಯಾಲಿಯಲ್ಲಿ ಹಾರ್ತಿತ್ತು ಸ್ವಾಮಿ’ ಅಂತ ಕೆಂಪಾಗುತ್ತಾರೆ. ಅದರೊಳಗೆ ಕೂತಿದ್ದೀರಾ ಮೇಷ್ಟ್ರೇ ಅಂದರೆ, ‘ಪಕ್ಕದಲ್ಲಿ ಸೈಕಲ್ ನಿಲ್ಲಿಸಿದ್ದೆ’ ಅನ್ನುತ್ತಾರೆ.

ಬ್ಯಾಂಕಿನವರಿಗೆ ಲಾರಿಗಳೆಲ್ಲ ಸಾಲದ ಕಂತಿನಿಂದಲೇ ಗುರುತು. ‘ಆ ಹಸಿರು ಲೇಲ್ಯಾಂಡಾ? ಬಂಗಾರದಂಥ ಗಾಡಿ, ಒಂದು ಕಂತೂ ತಪ್ಪಲಿಲ್ಲ.’ ಅಷ್ಟೇ ಅವರ ಕಾವ್ಯ.

ನಮ್ಮ ಮನೆಯವರದು ಸ್ವಂತ ಕಾರು, ಸೆಕೆಂಡ್ ಹ್ಯಾಂಡು. ಯಾವ ಕಾರು ಅಂತ ಬರೆಯುವುದಿಲ್ಲ, ಬರೆದರೆ ಆ ಬೆಂಚಿನಲ್ಲಿ ಅರ್ಧ ಜನ ನನ್ನ ಮೇಲೆ ಮುನಿಸಿಕೊಳ್ಳುತ್ತಾರೆ. ಧರ್ಮಸ್ಥಳಕ್ಕೆ ಹೋಗಿ ಚಾರ್ಮಾಡಿ ಘಾಟಿ ಹತ್ತಿ ಬಂದ ಕಥೆಯನ್ನು ಇವರು ಹೇಳುವುದು ಕೇಳಬೇಕು. ‘ಎಂಥಾ ಗಾಳಿ, ಎಂಥಾ ಜಲಪಾತ, ಗಾಡಿ ಹೂವಿನ ಹಾಗೆ ಹತ್ತಿತು.’ ನನ್ನ ನೆನಪಿನಲ್ಲಿ ಗಾಡಿ ಮೂರನೇ ತಿರುವಿಗೇ ಕೆಮ್ಮಿ ನಿಂತಿತು. ಪೆಟ್ರೋಲ್ ಪಂಪು ಬಿಸಿಯಾಗಿ ಒಳಗಿನ ಪೆಟ್ರೋಲು ಆವಿಯಾಗಿದೆ, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ತಣಿಸಬೇಕು, ಆಗಿನ ಕಾರುಗಳಿಗೆಲ್ಲ ಇದು ಮಾಮೂಲು ಅಂತ ಇವರು ವಿವರಿಸಿದರು. ವಿವರಣೆ ಇತ್ತು, ಬಟ್ಟೆ ಇರಲಿಲ್ಲ. ಇವರ ಕಣ್ಣು ಮೊದಲು ನನ್ನ ಸೆರಗಿನ ಮೇಲೆ ಬಿತ್ತು. ನಾನು ನೋಡಿದ ನೋಟಕ್ಕೆ ಅಲ್ಲಿಂದ ಜಾರಿ, ತೊಡೆಯ ಮೇಲಿದ್ದ ಮಗುವಿನ ಕಡೆ ಹೋಯಿತು. ಕೊನೆಗೆ ನಾನು ಒಗೆದು ಮಡಿಸಿಟ್ಟಿದ್ದ ಲಂಗೋಟಿಗಳನ್ನು ಒಂದೊಂದಾಗಿ ತೊರೆಯ ನೀರಿನಲ್ಲಿ ಅದ್ದಿ ಪಂಪಿನ ಮೇಲೆ ಹೊದಿಸಿದರು. ಚುಂಯ್ ಅಂತ ಹಬೆ ಎದ್ದಿತು. ಹಿಂದಿನ ಚಕ್ರಕ್ಕೆ ಕಲ್ಲು ಕೊಡುವ ಕೆಲಸ ನಮ್ಮತ್ತೆಯವರದು. ಕೊಟ್ಟಿಗೆಹಾರದಲ್ಲಿ ನೀರುದೋಸೆ ಎದುರಿಗೆ ಬರುವಷ್ಟರಲ್ಲಿ ಮಗು ಬರಿಮೈಯಲ್ಲಿತ್ತು, ಲಂಗೋಟಿಗಳಿಗೆಲ್ಲ ಕಪ್ಪು ಆಯಿಲು ಅಂಟಿತ್ತು, ಇವರು ಮಾತ್ರ ಮೀಸೆ ತಿರುವುತ್ತ ‘ಹೇಗೆ ರಿಪೇರಿ ಮಾಡ್ದೆ ನೋಡು’ ಅನ್ನುತ್ತಿದ್ದರು.

ಆ ಲಂಗೋಟಿಗಳ ಒಡೆಯನಿಗೆ ಈಗ ನಲವತ್ತು ದಾಟಿದೆ. ಬ್ಯಾಟರಿ ಕಾರು ತಂದಿದ್ದಾನೆ. ಅದು ಸದ್ದೇ ಮಾಡುವುದಿಲ್ಲ, ಹಾಗಾಗಿ ಇವರಿಗೆ ಅದರ ಮೇಲೆ ನಂಬಿಕೆಯಿಲ್ಲ. ಬೆಲ್ಟ್ ಹಾಕದಿದ್ದರೆ ಕುಂಯ್ ಅನ್ನುತ್ತದೆ, ಗೆರೆ ದಾಟಿದರೆ ಕುಂಯ್ ಅನ್ನುತ್ತದೆ. ‘ಮನೆಯಲ್ಲೂ ಅದೇ, ಕಾರಲ್ಲೂ ಅದೇ’ ಅಂತ ಇವರು ಆ ಬೆಂಚಿನಲ್ಲಿ ಹೇಳಿದ್ದು ಈ ಬೆಂಚಿಗೆ ಸ್ಪಷ್ಟವಾಗಿ ಕೇಳಿಸಿದೆ. ಮನೆಯ ಇನ್ನೊಂದು ಪೆಟ್ರೋಲ್ ಕಾರನ್ನೂ ಮಗ ಇವರ ಕೈಗೆ ಕೊಡುವುದಿಲ್ಲ. ‘ಅಪ್ಪ, ಕಣ್ಣಿನ ಆಪರೇಷನ್ ಆಗಿದೆ, ಸುಮ್ನಿರಿ’ ಅಂತ ಕೀಯನ್ನು ನನಗೆ ಕೊಟ್ಟಿದ್ದಾನೆ. ಕೀ ಎಲ್ಲಿದೆ ಅನ್ನುವುದು ನಮ್ಮ ಬೆಂಚಿಗೆಲ್ಲ ಗೊತ್ತು. ಪಾತ್ರೆ ತೊಳೆಯುವ ಸೋಪಿನ ಡಬ್ಬದ ಹಿಂದಿದೆ. ಅಷ್ಟು ಭದ್ರವಾದ ಜಾಗ ನಮ್ಮ ಮನೆಯಲ್ಲಿ ಇನ್ನೊಂದಿಲ್ಲ. ಓಡಿಸಲು ಸಿಗದ ಕಾರಿನ ಪೆಟ್ರೋಲಿನ ಚಿಂತೆ ಮಾತ್ರ ಇವರಿಗೇ ಬಿಟ್ಟದ್ದು. ಈಗ ಪೆಟ್ರೋಲಿಗೆ ಶೇಕಡಾ 20ರಷ್ಟು ಎಥೆನಾಲ್ ಬೆರೆಸುತ್ತಾರಲ್ಲ, ಕಬ್ಬಿನಿಂದಲೂ ತೆಗೆಯುತ್ತಾರಲ್ಲ, ಅದೇ ಒಂದು ಹೊಟ್ಟೆಕಿಚ್ಚು. ‘ನನಗೆ ಕಬ್ಬಿನ ಹಾಲು ಮುಟ್ಟಬೇಡಿ ಅಂದಿದ್ದಾರೆ ಡಾಕ್ಟ್ರು, ಕಾರು ಮಾತ್ರ ಕುಡೀಲಿ!’

ಇಷ್ಟೆಲ್ಲ ಸದ್ದಿನ ನಡುವೆ ಬೆಂಚಿನ ತುದಿಯಲ್ಲಿ ಬೀಡಿ ಬಿಟ್ಟ ಮೇಲೆ ಅಡಿಕೆ ಹಿಡಿದ ಒಬ್ಬರು ಕೂತಿರುತ್ತಾರೆ. ಎಲ್ಲರೂ ಅವರನ್ನು ಲಾರಿ ಯಜಮಾನರು ಅನ್ನುತ್ತಾರೆ. ಕ್ಲೀನರ್ ಆಗಿ ಶುರುಮಾಡಿ, ಡ್ರೈವರ್ ಆಗಿ, ಕೊನೆಗೆ ಎರಡು ಸ್ವಂತ ಲಾರಿ ಇಟ್ಟವರು. ಗಾಡಿ ಓಡಿಸಿಯೇ ಬದುಕಿದವರು ಆ ಬೆಂಚಿನಲ್ಲಿ ಅವರೊಬ್ಬರೇ, ಆಗಿನ ಗಾಡಿಗಳೇ ಗಾಡಿಗಳು ಅಂತ ಒಮ್ಮೆಯೂ ಹೇಳದವರೂ ಅವರೊಬ್ಬರೇ. ಇಂಜಿನಿಯರ್ ಸಾಹೇಬರು ಮಗ ಬೆಂಜ್ ಕೊಂಡ ಸುದ್ದಿ ತಂದ ದಿನ ಮಾತ್ರ ಯಜಮಾನರು ಬಾಯಿಬಿಟ್ಟರು: ‘ನಾನು ಇಪ್ಪತ್ತನೇ ವಯಸ್ಸಿಗೇ ಬೆಂಜ್ ಓಡಿಸ್ದೋನು ಸಾರ್. ಹಿಂದೆ ಮಂಗಳೂರು ಹೆಂಚು ಹೇರ್ಕೊಂಡು.’ ಟಾಟಾದವರು 1954ರಲ್ಲಿ ಜರ್ಮನಿಯ ಬೆಂಜ್ ಕಂಪನಿಯ ಜೊತೆ ಸೇರಿ ಲಾರಿ ಮಾಡಲು ಶುರುಮಾಡಿದರು. 1969ರಲ್ಲಿ ಆ ಒಪ್ಪಂದ ಮುಗಿಯುವ ತನಕ ಲಾರಿಯ ಮೂತಿಯ ಮೇಲೆ ಬೆಂಜಿನ ನಕ್ಷತ್ರವೇ ಇತ್ತು. ನಕ್ಷತ್ರ ಹೋಗಿ ಟಾಟಾದ ‘ಟಿ’ ಬಂದ ಮೇಲೂ ನಮ್ಮ ಕಡೆ ಅದು ಬೆಂಜ್ ಲಾರಿಯೇ. ಇಂಜಿನಿಯರ್ ಸಾಹೇಬರು ಆವತ್ತು ಕಾಫಿ ಬೇಡ ಅಂದರು.

ಯಜಮಾನರನ್ನು ಮಾತಿಗೆಳೆದರೆ ಬರುವ ಕಥೆಗಳೇ ಬೇರೆ. ಜಮ್ಶೆಡ್‌ಪುರದಿಂದ ಹೊಸ ಚಾಸಿ ತರುವುದು ಅಂದರೆ ಬರೀ ಇಂಜಿನ್, ಚಕ್ರ, ಸ್ಟೇರಿಂಗ್. ಕ್ಯಾಬಿನ್ ಇಲ್ಲ, ಗಾಜಿಲ್ಲ, ಸೀಟಿಲ್ಲ. ಹಲಗೆಯೊಂದನ್ನು ಬಿಗಿದುಕೊಂಡು, ತಲೆಗೆ ಟವೆಲ್ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು ಅಷ್ಟು ದೂರ ಬಿಸಿಲು, ಮಳೆ, ಹುಳ ಎಲ್ಲ ಮುಖಕ್ಕೇ ಹೊಡೆಸಿಕೊಂಡು ಬರಬೇಕು. ಊರಿಗೆ ತಂದ ಮೇಲೆ ಬಡಗಿಗಳು ಮರದ ಕ್ಯಾಬಿನ್ನು, ಬಾಡಿ ಕಟ್ಟುತ್ತಿದ್ದರು. ಗೇರು ಬದಲಿಸಲು ಡಬಲ್ ಕ್ಲಚ್ ಹೊಡೆಯಬೇಕು, ಒಂದು ಸಲ ಕ್ಲಚ್ ಒತ್ತಿ ನ್ಯೂಟ್ರಲ್ಲಿಗೆ ತಂದು, ಮತ್ತೆ ಒತ್ತಿ ಗೇರಿಗೆ ಹಾಕಬೇಕು. ಲೆಕ್ಕ ತಪ್ಪಿದರೆ ಗೇರ್ ಬಾಕ್ಸು ಊರಿಗೆಲ್ಲ ಕೇಳುವ ಹಾಗೆ ಕಿರುಚುತ್ತದೆ. ಅದಕ್ಕೂ ಮುಂಚಿನ ಪೆಟ್ರೋಲ್ ಲಾರಿಗಳಿಗೆ ಬೆಳಿಗ್ಗೆ ಹ್ಯಾಂಡಲ್ ಹೊಡೆಯುವುದು ಕ್ಲೀನರ್ ಹುಡುಗನ ಕೆಲಸ. ‘ಹೆಬ್ಬೆರಳನ್ನ ಹ್ಯಾಂಡಲ್ಲಿಗೆ ಸುತ್ಬಾರ್ದಮ್ಮ, ನಾಲ್ಕು ಬೆರಳಿನ ಜೊತೇಲೇ ಇಟ್ಕೋಬೇಕು. ಇಂಜಿನ್ ಒಂದೊಂದ್ಸಲ ಹಿಂದಕ್ಕೆ ಒದೀತದೆ’ ಅಂತ ನನಗೆ ಹೇಳಿದರು. ಹೇಳುವಾಗ ಎತ್ತಿ ತೋರಿಸಿದ ಬಲಗೈ ಹೆಬ್ಬೆರಳು ಇವತ್ತಿಗೂ ನೆಟ್ಟಗಿಲ್ಲ.

2025ರ ಅಕ್ಟೋಬರ್ 1ರಿಂದ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ ಅನ್ನುವ ಸುದ್ದಿ ಬಂದಾಗ ಬೆಂಚು ಎರಡು ದಿನ ಕುದಿಯಿತು. ‘ಲಾರಿಗೆ ಎಸಿ! ಮಲಗಿಬಿಡ್ತಾರೆ ನನ್ಮಕ್ಳು’ ಅಂದರು ಇಂಜಿನಿಯರ್. ‘ಆಗಿನವರ ಗಟ್ಟಿತನವೇ ಬೇರೆ’ ಅಂದರು ಮೇಷ್ಟ್ರು. ಯಜಮಾನರು ಅಡಿಕೆ ಉಗುಳಿ ಬಂದು ಕೂತು, ‘ಬಾನೆಟ್ಟು ಕ್ಯಾಬಿನ್ ಒಳಗೇ ಇರ್ತಿತ್ತು ಸಾರ್. ಬಳ್ಳಾರಿ ಬಿಸಿಲಲ್ಲಿ ಅದರ ಪಕ್ಕ ಕಾಲಿಟ್ಕೊಂಡು ಹತ್ತು ಗಂಟೆ ಕೂತು ನೋಡಿ, ಆಮೇಲೆ ಗಟ್ಟಿತನ ಮಾತಾಡೋಣ’ ಅಂದರು. ನಮ್ಮ ಬೆಂಚಿನಿಂದ ಚಪ್ಪಾಳೆ ಬಿತ್ತು. ಘಾಟಿಯಲ್ಲಿ ಚಕ್ರಕ್ಕೆ ಕಲ್ಲು ಕೊಟ್ಟವರು, ನಿಂಬೆಹಣ್ಣು ಮೂಸುತ್ತ ಹಿಂದಿನ ಸೀಟಿನಲ್ಲಿ ಮೂರು ಮಕ್ಕಳ ವಾಂತಿ ಹಿಡಿದವರು ನಾವು. ನಮ್ಮದು ಯಜಮಾನರ ಪಾರ್ಟಿ.

ಹೋದ ತಿಂಗಳು ಎರಡೂ ಬೆಂಚುಗಳು ಕೂಡಿ ಶ್ರೀರಂಗಪಟ್ಟಣದ ಹತ್ತಿರವಿರುವ ‘ಪಯಣ’ ನೋಡಲು ಹೋದೆವು. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಹಳೇ ಕಾರುಗಳ ಸಂಗ್ರಹಾಲಯ ಅದು. ಹೋದದ್ದು ಬಾಡಿಗೆ ವ್ಯಾನಿನಲ್ಲಿ. ಎಸಿ ಸಾಲದು ಅಂತ ದಾರಿಯುದ್ದಕ್ಕೂ ಗೊಣಗಿದವರು ಯಾರು ಅಂತ ಬೇರೆ ಹೇಳಬೇಕಾಗಿಲ್ಲ. ಒಳಗೆ ಹೋದದ್ದೇ ಇವರಿಗೆಲ್ಲ ಇಪ್ಪತ್ತು ವರ್ಷ ಕಮ್ಮಿಯಾಯಿತು. ಮೇಷ್ಟ್ರು ಗೋಡೆಯ ಮೇಲಿನ ವಿವರಗಳಲ್ಲಿ ತಪ್ಪು ಹುಡುಕತೊಡಗಿದರು, ಸಿಗದೆ ಬೇಸರಪಟ್ಟರು. ಬ್ಯಾಂಕಿನವರು ಇದಕ್ಕೆಲ್ಲ ಇನ್ಶೂರೆನ್ಸ್ ಎಷ್ಟು ಕಟ್ಟುತ್ತಾರೋ ಅಂತ ಲೆಕ್ಕ ಹಾಕುತ್ತ ನಿಂತರು. ನಮ್ಮ ಮನೆಯವರು ಕಾರೊಂದರ ಮುಂದೆ ಸೇರಿದ್ದ ಕಾಲೇಜು ಹುಡುಗರಿಗೆ ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಹಾಕುವ ವಿದ್ಯೆ ವಿವರಿಸುತ್ತಿದ್ದರು. ಯಾವ ಬಟ್ಟೆ ಅನ್ನುವುದನ್ನು ಮಾತ್ರ ಹೇಳಲಿಲ್ಲ.

ಅಷ್ಟರಲ್ಲಿ ಒಬ್ಬ ಹುಡುಗ ಕೇಳಿಯೇಬಿಟ್ಟ: ‘ಅಂಕಲ್, ಆ ಕಾಲದ ಅಂಬಾಸಿಡರ್ ಮೈಲೇಜ್ ಎಷ್ಟು ಕೊಡ್ತಿತ್ತು?’

‘ಹದಿನೈದು’ ಅಂದರು ಇಂಜಿನಿಯರ್. ‘ಎಲ್ಲಿಯ ಹದಿನೈದು, ಹತ್ತು’ ಅಂದರು ಬ್ಯಾಂಕಿನವರು. ‘ಘಾಟಿಯಲ್ಲಾದರೆ ಎಂಟು’ ಅಂತ ನಮ್ಮವರು. ಮೇಷ್ಟ್ರು ಇಂಗ್ಲೆಂಡಿನ ಗ್ಯಾಲನ್ನಿಗೂ ಲೀಟರಿಗೂ ಇರುವ ವ್ಯತ್ಯಾಸ ಶುರುಮಾಡಿದರು. ಹುಡುಗ ಒಬ್ಬೊಬ್ಬರ ಮುಖ ನೋಡಿ, ಕೊನೆಗೆ ಯಜಮಾನರ ಕಡೆ ತಿರುಗಿದ.

ಯಜಮಾನರು ಇಂಜಿನಿಯರ್ ಸಾಹೇಬರ ಹೆಗಲ ಮೇಲೆ ಕೈಯಿಟ್ಟು ಹೇಳಿದರು: ‘ಅದು ಪೆಟ್ರೋಲಿಗೆ ಕಾಸು ಕೊಡೋರು ಯಾರು ಅನ್ನೋದರ ಮೇಲಿತ್ತು ಮಗಾ.’